ಕಂಟ್ರೋಲ್ ತಂತಿಯ ಮೇಲಿನ ದನಿ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬೆಳಗಾವಿಯ ಒಂದು ರೈಲ್ವೆ ಸರ್ವೇ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿ ನನಗೆ ಎರಡು ವರ್ಷವಾಗಿತ್ತು. ಕಚೇರಿ ದಂಡಿನವರ ಕ್ಯಾಂಪ್ ಬಡಾವಣೆಯ ಹಳೆಯ ಬಂಗಲೆಯೊಂದರಲ್ಲಿತ್ತು. ಎತ್ತರದ ಚಾವಣಿ, ಹಗಲಲ್ಲೂ ದೀಪ ಹಾಕಬೇಕಾದ ಕೋಣೆಗಳು. ವಡಗಾವಿಯ ನಮ್ಮ ಮನೆಯಿಂದ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಮನೆಯಲ್ಲಿ ಅಪ್ಪನದೂ ಕಾಕಾನದೂ ಸೇರಿ ಮೂರು ಮಗ್ಗ. ಹುಟ್ಟಿದಾಗಿನಿಂದ ಆ ಸಪ್ಪಳದಲ್ಲೇ ಬೆಳೆದವಳಿಗೆ ಬಂಗಲೆಯ ಮೌನ ಮೊದಮೊದಲು ಕಿವಿ ಕೆಟ್ಟಂತೆ ಅನ್ನಿಸುತ್ತಿತ್ತು.

ನಮ್ಮ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯಿಂದ ಖಾನಾಪುರ ದಾಟಿ ಕಾಡಿನೊಳಕ್ಕೆ ಹೋಗುವ ಹಳಿ ಆಗ ಒಂದೇ. ಎದುರುಬದುರಾಗಿ ಬರುವ ಎರಡು ಗಾಡಿಗಳು ಯಾವುದಾದರೂ ಸ್ಟೇಷನ್ನಿನಲ್ಲೇ ಒಂದನ್ನೊಂದು ದಾಟಬೇಕು. ಒಂದು ಬದಿಯ ಹಳಿಗೆ ಸರಿದು ನಿಂತರೆ ಇನ್ನೊಂದು ಮುಂದೆ ಹೋಗುತ್ತದೆ. ಯಾವುದು ನಿಲ್ಲಬೇಕು, ಯಾವುದು ಹೋಗಬೇಕು ಎಂಬುದನ್ನು ಬಹುದೂರದ ಊರಿನ ಒಂದು ಕೋಣೆಯಲ್ಲಿ ಕುಳಿತ ಕಂಟ್ರೋಲರ್ ಫೋನಿನಲ್ಲಿ ಹೇಳುತ್ತಿದ್ದರು. ಹಳಿಯ ಉದ್ದಕ್ಕೂ ಕಂಬಗಳ ಮೇಲೆ ಆ ಫೋನಿನ ತಂತಿ ಓಡುತ್ತಿತ್ತು, ಯಾವ ಸ್ಟೇಷನ್ನಿನಲ್ಲಿ ಎತ್ತಿದರೂ ಎಲ್ಲರ ಮಾತೂ ಕೇಳುತ್ತಿತ್ತು. ಪ್ಯಾಸೆಂಜರಿಗೆ ಯಾವ ಹೊತ್ತು ಕೊಡಬೇಕು, ಗೂಡ್ಸಿಗೆ ಯಾವ ಹೊತ್ತು, ಸಣ್ಣ ಸ್ಟೇಷನ್ನುಗಳನ್ನು ಮುಚ್ಚಿ ಹಿಡಿತವನ್ನೆಲ್ಲ ದೂರದ ಆ ಕೋಣೆಗೇ ಒಪ್ಪಿಸಬೇಕೋ, ಹಳಿಯ ಪಕ್ಕದಲ್ಲೇ ನಿಂತಿರುವ ಸ್ಟೇಷನ್ ಮಾಸ್ತರರ ಕೈಯಲ್ಲೂ ಸ್ವಲ್ಪ ಉಳಿಸಬೇಕೋ, ಇದನ್ನು ನಮ್ಮ ಕಚೇರಿ ಲೆಕ್ಕ ಹಾಕಿ ಕಮಿಟಿಗೆ ಬರೆದುಕೊಡಬೇಕಿತ್ತು.

ಅದಕ್ಕಾಗಿ ನಾನು ಪ್ರತಿದಿನದ ಓಡಾಟವನ್ನು ದೊಡ್ಡ ಹಾಳೆಯ ಮೇಲೆ ಗೆರೆಗಳಾಗಿ ಬರೆಯುತ್ತಿದ್ದೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್ನು. ಪ್ಯಾಸೆಂಜರಿಗೆ ಕೆಂಪು, ಗೂಡ್ಸಿಗೆ ನೀಲಿ. ಗಾಡಿ ಓಡುತ್ತಿದ್ದರೆ ಗೆರೆ ಓರೆಯಾಗಿ ಏರುತ್ತದೆ, ನಿಂತರೆ ಮಲಗುತ್ತದೆ. ಬೆಳಿಗ್ಗೆಯೂ ಸಂಜೆಯೂ ನನ್ನ ಹಾಳೆಯ ತುಂಬ ಮಲಗಿದ ಗೆರೆಗಳೇ. ಆದರೆ ಖಾನಾಪುರದ ಆಸುಪಾಸಿನಲ್ಲಿ ಹನ್ನೊಂದರಿಂದ ಎರಡರವರೆಗೆ ಒಂದು ಗೆರೆಯೂ ಹೆಚ್ಚು ಹೊತ್ತು ಮಲಗುತ್ತಿರಲಿಲ್ಲ. ಎದುರು ಬರುವ ಗಾಡಿಗಳು ಒಂದೇ ನಿಮಿಷಕ್ಕೆ ಬಂದು ಕೂಡಿ, ದಾಟಿ, ಹೋಗಿಬಿಡುತ್ತಿದ್ದವು. ಒಂದು ದಿನವಲ್ಲ, ಎರಡು ತಿಂಗಳು ಹೀಗೆಯೇ. ಯಾರೋ ಒಬ್ಬರೇ ಕೂತು ಬರೆದಂತೆ ಇತ್ತು.

ಹಾಳೆಗಳನ್ನು ನಮ್ಮ ಹಿರಿಯ ಇನ್‌ಸ್ಪೆಕ್ಟರರ ಮುಂದೆ ಇಟ್ಟೆ. ನಾವೆಲ್ಲ ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಬೆಳಗಾವಿಯ ಹಳೆಯ ಮುಸ್ಲಿಂ ಮನೆತನದವರು, ರಿಟೈರ್ ಆಗಲು ವರ್ಷವೊಂದು ಉಳಿದಿತ್ತು. ಬಹಳ ಹೊತ್ತು ನೋಡಿ, "ಇದು ಛಲೋ ಆಗೇದ ಅಂತ ಖುಷಿ ಪಡೂ ಹಂಗಿಲ್ಲ ತಂಗಿ. ಯಾಕ ಛಲೋ ಆಗೇದ ಅಂತ ಗೊತ್ತಿಲ್ಲಂದ್ರ ಅದು ಅಂಜಿಕೀ ಮಾತು. ನಡೀ, ಹೋಗಿ ನೋಡೂಣು," ಎಂದರು.

ಖಾನಾಪುರದಿಂದ ಮುಂದೆ, ಕಾಡಿನ ಅಂಚಿಗೆ ಒಂದು ಸಣ್ಣ ಸ್ಟೇಷನ್ ಇತ್ತು. ಮುಚ್ಚಬೇಕೆಂದು ಪಟ್ಟಿ ಮಾಡಿದವುಗಳಲ್ಲಿ ಮೊದಲನೆಯದು. ಅಲ್ಲಿಗೆ ಮುಟ್ಟಿದಾಗ ಹತ್ತೂವರೆ. ಮಾಘ ಮಾಸ, ತೇಗದ ಎಲೆ ಉದುರುವ ಹೊತ್ತು. ಗಾಳಿಯಿಲ್ಲದಿದ್ದರೂ ಎಲ್ಲೋ ಒಂದು ದೊಡ್ಡ ಎಲೆ ಕಳಚಿ ಬಿದ್ದರೆ ಯಾರೋ ಹೆಜ್ಜೆ ಇಟ್ಟಂತೆ ಕೇಳುತ್ತಿತ್ತು. ಸ್ಟೇಷನ್ ಮಾಸ್ತರರು ಐವತ್ತು ದಾಟಿದ ಸಣಕಲು ಮನುಷ್ಯ. ಹೆಂಡತಿ ಮಕ್ಕಳು ಬೀಡಿ ಎಂಬ ಊರಿನಲ್ಲಿ, ಇವರೊಬ್ಬರೇ ಇಲ್ಲಿ. ಚಹಾ ಕೊಟ್ಟರು. ಸಾಹೇಬರು ನೇರವಾಗಿ ಕೇಳಿದರು.

"ಮಧ್ಯಾಹ್ನ ಗಾಡಿ ಇಷ್ಟು ಸರಳ ಹೆಂಗ ಹೊಕ್ಕಾವ್ರಿ ಮಾಸ್ತರ?"

"ಆ ಹೊತ್ತಿನ್ಯಾಗ ಕಂಟ್ರೋಲಿನವ್ರು ಬಾಳ ಶಾಣ್ಯಾರ ಅದಾರ್ರಿ."

"ಯಾರವ್ರು? ಹೆಸರೇನು?"

"ಕೇಳಿಲ್ರಿ." ಮಾಸ್ತರರು ಗೋಡೆಯ ಮೇಲಿನ ಫೋನಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅವರು ಗಂಟಿ ಬಾರಿಸೂದಿಲ್ರಿ ಸಾಹೇಬ್ರ. ಬ್ಯಾರೇ ಕಂಟ್ರೋಲರ್ ಆದ್ರ ಗಂಟಿ ಬಾರಿಸಿ ಕರೀತಾರ. ಇವರು ಹಂಗಲ್ಲ. ಹನ್ನೊಂದರ ಮ್ಯಾಲೆ ನಾ ಯಾವಾಗ ಎತ್ತಿದ್ರೂ ಅಲ್ಲೇ ಇರ್ತಾರ. ನಾ ಹೇಳೂಕಿಂತ ಮದಲ ಅವರಿಗೆ ಗೊತ್ತಿರ್ತದ."

ಹನ್ನೊಂದು ಹೊಡೆದು ಐದು ನಿಮಿಷಕ್ಕೆ ಸಾಹೇಬರು ನನಗೆ ಸನ್ನೆ ಮಾಡಿದರು. ನಾನು ಫೋನ್ ಎತ್ತಿ ಕಿವಿಗಿಟ್ಟೆ. ತಂತಿಯ ಗುಂಯ್ ಎನ್ನುವ ಸದ್ದು. ಅದರ ಹಿಂದೆ ಉಸಿರಾಟ. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಮಾಸ್ತರರ ಉಸುರಲ್ಲ ಇದು," ಎಂದಿತು ಒಂದು ಮುದಿ ದನಿ, ಮೆತ್ತಗೆ. "ಯಾರರೆ ಇರ್ಲಿ. ಖಾನಾಪುರ ಬಿಟ್ಟ ಗೂಡ್ಸು ಏರಿನ್ಯಾಗ ನಾಕು ನಿಮಿಷ ತಿಂತದ ಇವತ್ತ, ಕಲ್ಲಿದ್ದಲಿ ಒದ್ದಿ ಅದ. ಬದಿಗೆ ತಗೋರಿ. ಪ್ಯಾಸೆಂಜರ್ ನಿಲ್ಲಬಾರದು."

ಫೋನನ್ನು ಸಾಹೇಬರ ಕೈಗೆ ಕೊಟ್ಟೆ. ಅವರು ಎರಡು ನಿಮಿಷ ಕೇಳಿದರು. ಮಾತಾಡಲಿಲ್ಲ. ಮರಳಿ ಕೊಕ್ಕೆಗೆ ಹಾಕಿದಾಗ ಅವರ ಮುಖ ಬಿಳಿಚಿಕೊಂಡಿತ್ತು. ಗೂಡ್ಸು ಬಂತು, ನಾಲ್ಕು ನಿಮಿಷ ತಡವಾಗಿಯೇ. ಪ್ಯಾಸೆಂಜರ್ ನಿಲ್ಲದೆ ಹೋಯಿತು.

ಹೊರಗೆ ಬಂದು ಬೆಂಚಿನ ಮೇಲೆ ಕುಳಿತ ಮೇಲೆ ಸಾಹೇಬರು ಹೇಳಿದರು: "ಆ ದನಿ ನನಗ ಗೊತ್ತದ ತಂಗಿ. ನಾ ಹೊಸದಾಗಿ ಕೆಲಸಕ್ಕ ಸೇರಿದಾಗ ಅವರ ಕೈಕೆಳಗ ಇದ್ದೆ. ಇಡೀ ಲೈನಿಗೆ ಅವರಂಥಾ ಕಂಟ್ರೋಲರ್ ಇದ್ದಿಲ್ಲ." ಫೋನಿನ ಕೋಣೆಯ ಕಡೆ ಒಮ್ಮೆ ತಿರುಗಿ ನೋಡಿದರು. "ಅವರು ತೀರಿಕೊಂಡು ಐದಾರು ವರ್ಷ ಆತಂತ ಕೇಳಿದ್ದೆ."

ಮಧ್ಯಾಹ್ನ ಎರಡು ಹೊಡೆದು ಆ ದನಿ ನಿಂತ ಮೇಲೆ ಅವರು ದೂರದ ಕೋಣೆಯ ನಿಜವಾದ ಕಂಟ್ರೋಲರನನ್ನು ಕರೆದು ಕೇಳಿದರು. ಆತ ಹೊಸ ಹುಡುಗ. ಮೊದಲು ತಡವರಿಸಿದ. ಆಮೇಲೆ ಒಪ್ಪಿಕೊಂಡ. ಆ ದನಿ ಅವನಿಗೂ ಕೇಳಿಸುತ್ತಿತ್ತು. ಯಾರೋ ಮೇಲಿನ ಸಾಹೇಬರು ಎಲ್ಲಿಂದಲೋ ತಂತಿಗೆ ಬಂದು ನಡೆಸುತ್ತಿದ್ದಾರೆ ಎಂದುಕೊಂಡು ಸುಮ್ಮನಿದ್ದನಂತೆ. ಗಾಡಿಗಳು ಸರಿಯಾಗಿಯೇ ಹೋಗುತ್ತಿದ್ದವಲ್ಲ. ಮಾಸ್ತರರು ಅದು ಕಂಟ್ರೋಲಿನ ದನಿ ಎಂದುಕೊಂಡಿದ್ದರು, ಕಂಟ್ರೋಲಿನವನು ಅದು ತನ್ನ ಮೇಲಿನವರದು ಎಂದುಕೊಂಡಿದ್ದ. ಎರಡು ತಿಂಗಳಿಂದ ಅಷ್ಟು ಉದ್ದದ ಹಳಿ, ಅಷ್ಟೊಂದು ಗಾಡಿ, ಒಳಗೆ ಕುಳಿತ ಜನ, ಎಲ್ಲರೂ ಯಾರದೆಂದು ಯಾರಿಗೂ ಗೊತ್ತಿಲ್ಲದ ಒಂದು ಮಾತಿನ ಮೇಲೆ ಓಡಾಡುತ್ತಿದ್ದರು. ಅಂದು ಮರಳುವ ಪ್ಯಾಸೆಂಜರಿನಲ್ಲಿ ನನ್ನ ಎದುರು ಕುಳಿತ ಮುದುಕಿಯೊಬ್ಬಳು ಬುಟ್ಟಿ ತಬ್ಬಿಕೊಂಡು ನೆಮ್ಮದಿಯಾಗಿ ತೂಕಡಿಸುತ್ತಿದ್ದಳು. ನನಗೆ ಅವಳನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತು. ಏನೆಂದು ಹೇಳುವುದು?

ಮರುದಿನವೇ ತಂತಿಯ ಗುಂಟ ಕೇಳಿಕೊಂಡು ಹೋಗಿ ಆ ದನಿಯವರನ್ನು ಹಿಡಿಯಬಹುದಿತ್ತು. ಸಾಹೇಬರು ಇನ್ನೊಂದು ದಿನ ನೋಡೋಣ ಎಂದರು. ತಡಮಾಡಿದ್ದು ತಪ್ಪೆಂದು ಅವರೇ ಆಮೇಲೆ ಹೇಳಿದರು.

ಮರುದಿನ ನಾವು ಮತ್ತೆ ಆ ಸಣ್ಣ ಸ್ಟೇಷನ್ನಿನಲ್ಲೇ ಇದ್ದೆವು. ಹನ್ನೆರಡಕ್ಕೆ ಒಂದು ಗೂಡ್ಸು ಬಂದು ಬದಿಯ ಹಳಿಗೆ ಸರಿಯಿತು. ತೆರೆದ ಡಬ್ಬಿಗಳಲ್ಲಿ ಖಾನಾಪುರದ ಹಂಚು. ಐದು ನಿಮಿಷದಲ್ಲಿ ಬಿಡಬೇಕಾದದ್ದು. ಮಾಸ್ತರರು ಫೋನ್ ಇಟ್ಟು ಹೊರಗೆ ಬಂದರು. "ತಡೀಬೇಕಂತರಿ. ಎದುರಿಂದ ಒಂದು ಪ್ಯಾಸೆಂಜರ್ ಬರ್ತದಂತ."

ಆ ಹೊತ್ತಿಗೆ ಯಾವ ಪ್ಯಾಸೆಂಜರೂ ಇಲ್ಲ. ನನ್ನ ಕೈಯಲ್ಲೇ ಹಾಳೆ ಇತ್ತು. ಅದನ್ನು ತೋರಿಸಿದೆ. ಮಾಸ್ತರರು ಆಚೆಯ ಸ್ಟೇಷನ್ನಿಗೆ ಕೇಳಿದರು. ಅಲ್ಲಿಯ ಮಾಸ್ತರರೂ, "ನನಗೂ ಹಂಗ ಹೇಳ್ಯಾರ್ರಿ, ಬರ್ತದಂತ," ಎಂದರು.

ನಾವು ಕಾದೆವು. ಡ್ರೈವರ್ ಎಂಜಿನ್ನಿನಿಂದ ಇಳಿದು ಬಂದು ಕೇಳಿ, ಉತ್ತರ ಸಿಗದೆ ಮರಳಿ ಹೋದ. ಕಾಲು ಗಂಟೆ. ಅರ್ಧ ಗಂಟೆ. ನಡುಹಗಲಿನ ಬಿಸಿಲು. ಉಗಿ ಸೋರುವ ಸಣ್ಣ ಸದ್ದು ಬಿಟ್ಟರೆ ಕಾಡು ಪೂರ್ತಿ ಸುಮ್ಮನಾಗಿತ್ತು. ಎಲ್ಲರೂ ಹಳಿ ತಿರುಗುವ ಕಡೆಗೇ ಮುಖ ಮಾಡಿ ನಿಂತಿದ್ದೆವು, ನಾನು, ಮಾಸ್ತರರು, ನಿಶಾನೆ ಹಿಡಿದ, ಹಳಿ ರಿಪೇರಿಯ ಗ್ಯಾಂಗಿನವನು. ಇಲ್ಲದ ಗಾಡಿಯೆಂದು ನನಗೆ ಗೊತ್ತಿತ್ತು. ಆದರೂ ಒಂದು ಗಳಿಗೆಯಲ್ಲಿ ದೂರದಿಂದ ಹಳಿ ನಡುಗಿದಂತೆ ಅನ್ನಿಸಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನನ್ನ ಪಕ್ಕದ ಗ್ಯಾಂಗಿನವನೂ ಸರಿದ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಒಳಗೆ ಸಾಹೇಬರು ಅಷ್ಟೂ ಹೊತ್ತು ಫೋನ್ ಕಿವಿಗೊತ್ತಿಕೊಂಡೇ ಕುಳಿತಿದ್ದರು. ನಲವತ್ತು ನಿಮಿಷವಾದ ಮೇಲೆ ದನಿ, "ಹೋತು. ದಾಟಿ ಹೋತು. ಇನ್ನ ಗೂಡ್ಸು ಬಿಡ್ರಿ," ಎಂದಿತಂತೆ. ಎದುರು ಹಳಿಯ ಮೇಲೆ ಏನೂ ಹೋಗಿರಲಿಲ್ಲ. ಗೂಡ್ಸು ಹೊರಟಿತು. ಖಾನಾಪುರದಿಂದ ಬೆಳಗಾವಿಯ ಕಡೆಗೆ ಅದೇ ಹೊತ್ತಿಗೆ ಇನ್ನೊಂದು ಗಾಡಿ ಬಿಟ್ಟಿತೆಂದು ಅಲ್ಲಿಯ ಮಾಸ್ತರರು ತಂತಿಯಲ್ಲಿ ಹೇಳಿದರು. ಸಾಹೇಬರು ಗಡಿಯಾರ ನೋಡುತ್ತಿದ್ದರು. ಅದು ಬಿಟ್ಟ ಮೂರನೆಯ ನಿಮಿಷಕ್ಕೆ ಫೋನಿನೊಳಗೆ ಗಾಲಿಗಳ ಸದ್ದು ಜೋರಾಗಿ ಕೇಳಿ, ತಗ್ಗಿ, ನಿಂತಿತು. ಅದರ ಹಿಂದೆ ತಪ್ ತಪ್ ಎಂದು ಯಾರೋ ಮಣ್ಣು ಬಡಿಯುವ ಸದ್ದು.

"ಸತ್ತವರ ಬಾಜೂಕ ರೈಲು ಹಾಯೂದಿಲ್ಲ," ಎಂದು ಸಾಹೇಬರು ಎದ್ದರು. "ಖಾನಾಪುರ ಬಿಟ್ಟು ಮೂರು ನಿಮಿಷದ ಹಾದಿ. ಹಂಚಿನ ಭಟ್ಟಿ ಹತ್ರ."

ಮೂರನೆಯ ದಿನ ನಾವಿಬ್ಬರೂ ಖಾನಾಪುರದಲ್ಲಿ ಇಳಿದು ಹಳಿಯ ಪಕ್ಕದಲ್ಲೇ ಬೆಳಗಾವಿ ಕಡೆಗೆ ನಡೆದೆವು. ಹಂಚಿನ ಭಟ್ಟಿ ದಾಟಿದ ಮೇಲೆ ಒಂದು ಒಂಟಿ ಮನೆ. ಅದರ ಹಿತ್ತಲಲ್ಲಿ ಒಂದು ಉದ್ದನೆಯ ಕೋಲು ನೆಟ್ಟಗೆ ನಿಂತಿತ್ತು. ತುದಿಯ ಕೊಕ್ಕೆ ಕಂಟ್ರೋಲ್ ತಂತಿಯನ್ನು ಹಿಡಿದಿತ್ತು. ಗಾಡಿ ಕಾಡಿನ ನಡುವೆ ಕೆಟ್ಟು ನಿಂತರೆ ಗಾರ್ಡು ತಂತಿಗೆ ಸಿಕ್ಕಿಸಿ ಮಾತಾಡಲಿ ಎಂದು ಕೊಡುವ ಸಾಮಾನು ಅದು. ಕೋಲಿನಿಂದ ಇಳಿದ ವಾಯರು ಹಿತ್ತಲ ಬಾಗಿಲೊಳಗೆ ಹೋಗಿತ್ತು.

ಬಾಗಿಲಿಗೆ ಬಂದವಳು ಆ ಮನೆಯ ಸೊಸೆ, ಮೂವತ್ತರ ಆಸುಪಾಸು. ಗಂಡ ಭಟ್ಟಿಯ ಕೆಲಸಕ್ಕೆ ಹೋಗಿದ್ದ; ಅವನಿಲ್ಲದ ಹನ್ನೊಂದರಿಂದ ಎರಡರ ಹೊತ್ತಿನಲ್ಲಿ ಕೋಲು ನಿಲ್ಲಿಸಿಕೊಡುತ್ತಿದ್ದವಳು ಇವಳೇ ಎಂದು ಆಮೇಲೆ ತಿಳಿಯಿತು. ನಮ್ಮನ್ನು ನೋಡಿದೊಡನೆ ಅವಳಿಗೆ ಎಲ್ಲ ತಿಳಿಯಿತು. "ಬರ್ರಿ," ಎಂದಳು ಸಣ್ಣಗೆ. "ಮಾವನೋರು ಕೆಲಸದಾಗ ಅದಾರ. ಸಪ್ಪಳ ಮಾಡಬ್ಯಾಡ್ರಿ."

ಒಳಗೆ ಕತ್ತಲು ಕೋಣೆ. ಒಬ್ಬ ಮುದುಕರು ಫೋನಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ಕಣ್ಣು ತೆರೆದೇ ಇದ್ದವು, ಆದರೆ ಅವುಗಳಲ್ಲಿ ನೋಟವಿರಲಿಲ್ಲ. ಸಕ್ಕರೆ ಕಾಯಿಲೆ ಎರಡೂ ಕಣ್ಣನ್ನು ತಿಂದಿತ್ತು. ಅವರ ಮುಂದೆ ಒಂದು ಅಗಲವಾದ ಹಲಗೆ, ಅದರ ಮೇಲೆ ಸಾಲು ಸಾಲು ಮೊಳೆ, ಮೊಳೆಯಿಂದ ಮೊಳೆಗೆ ಬಿಗಿದ ದಾರ. ನಾನು ಮೊದಲು ಹಾಸಿನ ನೂಲು ಹೂಡಿದ ಮಗ್ಗವೆಂದೇ ತಿಳಿದೆ. ಹತ್ತಿರ ಹೋಗಿ ನೋಡಿದರೆ ಅದು ನನ್ನದೇ ಹಾಳೆ. ಅಡ್ಡಕ್ಕೆ ಗಂಟೆ, ಉದ್ದಕ್ಕೆ ಸ್ಟೇಷನ್ನು. ದಪ್ಪ ದಾರ ಗೂಡ್ಸು, ಸಣ್ಣ ದಾರ ಪ್ಯಾಸೆಂಜರು. ಅವರ ಬೆರಳು ದಾರಗಳ ಮೇಲೆ ಓಡಾಡುತ್ತಿದ್ದವು. ತಂತಿಯಲ್ಲಿ ಬಂದ ಮಾತು ಕೇಳುತ್ತ ಒಂದು ದಾರವನ್ನು ಒಂದು ಮೊಳೆಯಿಂದ ಬಿಚ್ಚಿ ಪಕ್ಕದ ಮೊಳೆಗೆ ಹಾಕಿದರು.

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ಗುರುಗಳ," ಎಂದರು.

ಮುದುಕರು ತಲೆ ತಿರುಗಿಸಿದರು. "ನೀ ಅಲ್ಲೇನೋ. ಮೊನ್ನೆ ಎರಡು ನಿಮಿಷ ಮಾತಾಡದ ಫೋನ್ ಹಿಡಕೊಂಡಿದ್ದಿ. ಗೊತ್ತಾಗಿತ್ತು." ಆಮೇಲೆ, "ಒಯ್ಯಾಕ ಬಂದೀರಿ. ಹನ್ನೆರಡೂವರಿ ಗೂಡ್ಸು ದಾಟಲಿ. ಕೆಲಸ ನಡುವಿನ್ಯಾಗ ಬಿಡಬಾರದು."

ನಾವು ಕುಳಿತೆವು. ಅದೊಂದು ವಿಚಿತ್ರ ಅರ್ಧ ಗಂಟೆ. ಗೂಡ್ಸು ಮನೆಯನ್ನು ಅಲುಗಿಸಿಕೊಂಡು ದಾಟಿ ಹೋಯಿತು. ಅವರು ಅದರ ಡಬ್ಬಿಗಳನ್ನು ಕಿವಿಯಿಂದಲೇ ಎಣಿಸಿದ್ದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು.

"ನಿನ್ನೆ ಇಲ್ಲದ ಗಾಡಿ ಸಲುವಾಗಿ ಗೂಡ್ಸು ನಿಲ್ಲಿಸಿದ್ರಿ," ಎಂದರು ಸಾಹೇಬರು. "ಒಂದಿನ ಇದ್ದ ಗಾಡಿ ಮರತಿದ್ರ ಏನಾಗ್ತಿತ್ತು, ಗುರುಗಳ?"

ಮುದುಕರ ಬೆರಳು ಒಂದು ಸಣ್ಣ ದಾರದ ಮೇಲೆ ನಿಂತಿತು. ಹೇಳಿದ್ದು ಸೊಸೆ. "ನಿನ್ನಿ ದಿನ ಬ್ಯಾರೇರೀ ಅಕ್ಕಾರ. ಹೋದ ವರ್ಷ ಆ ತಿಥಿ ಬಂದಾಗ ಇಡೀ ಮಧ್ಯಾಹ್ನ ಅನ್ನ ಮುಟ್ಟಲಿಲ್ಲ, ಹಳಿ ಕಡೆ ಮುಖ ಮಾಡಿ ಕುಂತಿದ್ರು." ಆಗ ಮುದುಕರು ತಾವೇ ಹೇಳಿದರು. ಬಹಳ ವರ್ಷಗಳ ಹಿಂದೆ, ಅದೇ ಸಣ್ಣ ಸ್ಟೇಷನ್ನಿನಲ್ಲಿ, ಅದೇ ಹೊತ್ತಿನಲ್ಲಿ, ಬೆಳಗಾವಿಗೆ ಹೋಗುವ ಪ್ಯಾಸೆಂಜರನ್ನು ನಿಲ್ಲಿಸಿ ಎದುರಿನ ಗೂಡ್ಸುಗಳಿಗೆ ದಾರಿ ಕೊಡಬೇಕೆಂದು ಅವರಿಗೆ ಮೇಲಿನಿಂದ ಹುಕುಂ ಬಂತು. ಒಂದಲ್ಲ, ಒಂದರ ಹಿಂದೆ ಒಂದು ಮೂರು ಗೂಡ್ಸು. ಆಗಿನ ಸ್ಟೇಷನ್ ಮಾಸ್ತರರು ಫೋನಿನಲ್ಲಿ, ಗಾಡಿಯಲ್ಲಿ ಹೆರಿಗೆ ಬೇನೆ ತಿನ್ನುತ್ತಿರುವ ಒಬ್ಬಳಿದ್ದಾಳೆ, ಆಸ್ಪತ್ರೆಗೆ ಒಯ್ಯುತ್ತಿದ್ದಾರೆ, ಬಿಡಿ ಎಂದು ಮೂರು ಸಲ ಬೇಡಿಕೊಂಡರು. ಇವರು ಮೇಲೆ ಕೇಳಿದರು. ಮೇಲಿನವರು ಬೇಡವೆಂದರು. ಗೂಡ್ಸುಗಳು ಹೋದವು. ಅವಳು ಪ್ಲಾಟ್‌ಫಾರ್ಮಿನ ಮೇಲೇ ಪ್ರಾಣ ಬಿಟ್ಟಳು, ಕೂಸೂ ಉಳಿಯಲಿಲ್ಲ. ವಿಚಾರಣೆಯಲ್ಲಿ ಯಾರ ತಪ್ಪೂ ಕಾಣಲಿಲ್ಲ.

"ಹುಕುಂ ನಂದಲ್ಲ," ಎಂದರು ಅವರು. "ಆದ್ರ ಮಾಸ್ತರರ ಕಿವ್ಯಾಗ ಬಿದ್ದ ದನಿ ನಂದ. ಆಕಿ ಒದರೂದು ನಾ ಕಂಟ್ರೋಲ್ ಖೋಲ್ಯಾಗ ಕುಂತು ತಂತ್ಯಾಗ ಕೇಳಿದ್ದೆ. ನೋಡಿದ್ದಿಲ್ಲ ನೋಡು, ಅದಕ್ಕ ಗೂಡ್ಸು ಬಿಡು ಅನ್ನಾಕ ಸರಳ ಆತು."

ಕೋಲನ್ನು ತಂತಿಯಿಂದ ಬಿಡಿಸಿದ್ದು ನಾನೇ. ಸಾಹೇಬರು ಒಳಗೆ ಗುರುಗಳ ಪಕ್ಕದಲ್ಲೇ ಕುಳಿತರು. ಕೊಕ್ಕೆ ಕಳಚಿದ ಗಳಿಗೆಗೆ ಒಳಗಿನಿಂದ, "ಲೈನ್ ಸತ್ತಿತು," ಎಂಬ ಮಾತು ಕೇಳಿತು. ಸಿಟ್ಟಿನಿಂದ ಹೇಳಿದ್ದಲ್ಲ. ದಿನಚರಿಯಲ್ಲಿ ಬರೆಸುವವರಂತೆ ಹೇಳಿದ್ದು.

ಸಾಹೇಬರು ರಿಪೋರ್ಟಿನಲ್ಲಿ, ಹಳಿಯ ಪಕ್ಕ ತಂತಿಗೆ ಸಿಕ್ಕಿಸಿದ್ದ ಇಲಾಖೆಯ ಹಳೆಯ ಫೋನೊಂದು ಸಿಕ್ಕಿತು, ವಶಕ್ಕೆ ಪಡೆಯಲಾಯಿತು ಎಂದಷ್ಟೇ ಬರೆದರು. ಯಾರ ಹತ್ತಿರ ಎಂದು ಬರೆಯಲಿಲ್ಲ. ಮೇಲಿನವರೂ ಕೇಳಲಿಲ್ಲ. ಕೇಳಿದ್ದರೆ ಎರಡು ತಿಂಗಳು ತಾವೇನು ಮಾಡುತ್ತಿದ್ದೆವೆಂದು ಅವರೇ ಹೇಳಬೇಕಾಗುತ್ತಿತ್ತು.

ಆಮೇಲೆ ನಾನು ಒಬ್ಬಳೇ ನಾಲ್ಕು ಮಧ್ಯಾಹ್ನ ಆ ಮನೆಗೆ ಹೋದೆ. ಹಲಗೆಯ ದಾರಗಳನ್ನೆಲ್ಲ ಹಾಳೆಗೆ ಇಳಿಸಿಕೊಂಡೆ. ಅಜ್ಜ ಒಂದೊಂದನ್ನೂ ಯಾಕೆ ಹಾಗೆ ಬಿಗಿದೆನೆಂದು ಹೇಳಿದರು. ಎಲ್ಲಿ ಏರು, ಎಲ್ಲಿ ಎಂಜಿನ್ನಿಗೆ ನೀರು ಹಿಡಿಯಲು ಹೊತ್ತು ಬೇಕು, ಸಂತೆಯ ದಿನ ಯಾವ ಸ್ಟೇಷನ್ನಿನಲ್ಲಿ ಬುಟ್ಟಿ ಇಳಿಸಲು ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ, ಇಂಥವು. ಕೊನೆಯ ದಿನ, "ಒಂದು ಕಲಂ ಸೇರಸು ತಂಗಿ," ಎಂದರು. "ಗಾಡ್ಯಾಗ ಜೀವದ ಪ್ರಶ್ನೆ ಇದ್ರ, ಯಾವ ಗಾಡಿ ಬಿಡಬೇಕು ಅನ್ನೂದು ಅಲ್ಲಿ ನಿಂತ ಮಾಸ್ತರ ಹೇಳಬೇಕು. ಕಂಟ್ರೋಲಿನವ್ರನ್ನ ಕೇಳಬಾರದು. ಕಣ್ಣಿದ್ದವ ಹೇಳಬೇಕು."

ಸೇರಿಸಿದೆ. ಸಣ್ಣ ಸ್ಟೇಷನ್ ಉಳಿಯಬೇಕೆಂದೂ ಬರೆದೆ. ಕಮಿಟಿ ಬೆಳಗಾವಿಗೆ ಬಂದಾಗ ಆ ಹಾಳೆ ನೋಡಿ ತುಂಬ ಮೆಚ್ಚಿಕೊಂಡಿತು. ಮುಂದಿನ ವೇಳಾಪಟ್ಟಿ ಬಹುಪಾಲು ಅದರಂತೆಯೇ ಆಯಿತು. ಕೆಳಗೆ ಬರೆದವಳೆಂದು ನನ್ನ ಸಹಿ. ಬೇರೆ ಯಾರ ಸಹಿ ಹಾಕಲಿಕ್ಕೂ ಬರುತ್ತಿರಲಿಲ್ಲ, ನಿಜ. ಆದರೆ ಬಡ್ತಿ ಬಂದಾಗ ಬೇಡವೆನ್ನಲಿಲ್ಲ. ಅಜ್ಜ ಹೇಳಿದ ಕಲಮಿನ ಮೇಲೆ ಮಾತ್ರ ಕೆಂಪು ಪೆನ್ಸಿಲ್ಲಿನ ಒಂದು ಅಡ್ಡಗೆರೆ ಬಂತು. ಒಬ್ಬೊಬ್ಬ ಮಾಸ್ತರನೂ ತನಗೆ ಕಂಡಂತೆ ಗಾಡಿ ಬಿಟ್ಟರೆ ಲೈನ್ ನಡೆಸುವುದು ಹೇಗೆ ಎಂದು ಕಮಿಟಿಯವರು ಕೇಳಿದರು. ನಾನು ಹಾಳೆ ಸುತ್ತಿ ಎತ್ತಿಕೊಂಡೆ. ಎಂಬತ್ತರ ದಶಕ ಶುರುವಾಗಿ ಸ್ವಲ್ಪ ದಿನಕ್ಕೆ ಸಣ್ಣ ಸ್ಟೇಷನ್ನೂ ಮುಚ್ಚಿತು. ಮಾಸ್ತರರನ್ನು ಬೇರೆ ಕಡೆ ಹಾಕಿದರು.

ಸ್ಟೇಷನ್ ಮುಚ್ಚಿದ ಮೇಲೆ ಒಮ್ಮೆ ಅಜ್ಜನ ಮನೆಗೆ ಹೋಗಿದ್ದೆ. ಹಾಸಿಗೆ ಹಿಡಿದಿದ್ದರು. ನನ್ನ ಹೆಜ್ಜೆ ಕೇಳಿ, "ಆ ಕಲಂ ಉಳೀತೇನು?" ಎಂದರು. ಬೇರೇನೂ ಕೇಳಲಿಲ್ಲ.

"ಉಳೀತ್ರಿ ಅಜ್ಜಾರ," ಎಂದೆ. ಹೇಳುವ ಮೊದಲು ಯೋಚಿಸಲೇ ಇಲ್ಲ.

ಅವರು ತಲೆಯಾಡಿಸಿ ಗೋಡೆಯ ಕಡೆ ಹೊರಳಿದರು. ಹೊರಗೆ ಗಾಡಿಯೊಂದು ಹೋಯಿತು. ಅವರು ಎಣಿಸಲಿಲ್ಲ. ಇದಾಗಿ ಎರಡು ತಿಂಗಳಿಗೆ ತೀರಿಕೊಂಡರೆಂದು ಆಮೇಲೆ ಕೇಳಿದೆ.

ಅಂದು ಸೊಸೆ ನನ್ನನ್ನು ಹಾದಿಯವರೆಗೆ ಕಳಿಸಲು ಬಂದಳು. ಭಟ್ಟಿಯ ಹತ್ತಿರ ನಿಂತು, "ನಾ ಹೋದ ವಾರ ತವರಮನಿಗೆ ಹೋಗಿದ್ನಿರಿ ಅಕ್ಕಾರ, ಅದ ಗಾಡ್ಯಾಗ," ಎಂದಳು. "ಆ ಸ್ಟೇಷನ್ ಮುಚ್ಚೇದ. ಬಾಗಲಾ ಕಿತ್ತಾರ. ಒಳಗ ಆಡು ಕಟ್ಟ್ಯಾರ."

ನಾನು ನೆಲ ನೋಡಿದೆ.

"ಮಾವನೋರಿಗೆ ಹೇಳಿಲ್ಲರಿ ನಾನೂ," ಎಂದು ಅವಳು ಸೆರಗು ಸರಿಪಡಿಸಿಕೊಂಡಳು. "ಅಡಗಿ ಆಗೇದ, ಉಂಡು ಹೋಗ್ರಿ ಅಂದ್ರ ನೀವು ಕೇಳೂದಿಲ್ಲ. ಗಾಡಿಗೆ ಹೊತ್ತಾಗ್ತದ."

ಖಾನಾಪುರ ಸ್ಟೇಷನ್ನಿಗೆ ಬಂದಾಗ ಬೆಳಗಾವಿಯ ಪ್ಯಾಸೆಂಜರ್ ಒಂದು ಗಂಟೆ ತಡ ಎಂದು ಹಲಗೆಯ ಮೇಲೆ ಸುಣ್ಣದಕಡ್ಡಿಯಲ್ಲಿ ಬರೆದಿದ್ದರು. ಯಾಕೆ ತಡವೆಂದು ಯಾರನ್ನೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ತುಂಬ ಜನ, ಬುಟ್ಟಿ, ಕೋಳಿ, ಮಕ್ಕಳು. ಒಬ್ಬಳು ಬಸುರಿ ಗೋಡೆಗೆ ಒರಗಿ ಕುಳಿತಿದ್ದಳು. ಹೋಗಿ ಅವಳ ಪಕ್ಕದಲ್ಲಿ ಕುಳಿತು, ಎಷ್ಟು ತಿಂಗಳು, ಎಲ್ಲಿಗೆ ಹೊರಟೆ ಎಂದು ಕೇಳಿದೆ. ಆರು ತಿಂಗಳಂತೆ, ಅಕ್ಕನ ಮನೆಗಂತೆ, ಅವಸರವೇನೂ ಇಲ್ಲವಂತೆ.